ಗುಂಡಿಯಿಂದ ತೆಗೆದ ನಲವತ್ತಮೂರು ಸುಣ್ಣದ ಹರಳುಗಳ ವಿಚಾರ

ಹೆಸರು: ಕಸಿಲ್ದಾ ಒರೋಸ್ಕೊ ಬಾರ್ರೋನ್
ವಯಸ್ಸು: ನಲವತ್ತಾರು ವರ್ಷ
ಕಸುಬು: ಚಿಮೆನೇಯ ಎಂದು ಕರೆಯುವ, ಹೊಟ್ಟೆ ದಪ್ಪ, ಕತ್ತು ಉದ್ದದ, ಅಂಗಳದಲ್ಲಿಡುವ ಮಣ್ಣಿನ ಒಲೆಗಳನ್ನು ಮಾಡುವುದು
ವಿಳಾಸ: ಮನೆ ನಂಬರ್ 31, ಕುಂಬಾರರ ಕೇರಿ, ಸಾನ್ ಗಾಸ್ಪಾರ್ ದೆಲ್ ಬಾರ್ರೊ, ಹಲಿಸ್ಕೊ ರಾಜ್ಯ

ಮೇಲೆ ಕಾಣಿಸಿದ ನಾನು ನನ್ನಷ್ಟಕ್ಕೆ ನಾನೇ ಠಾಣೆಗೆ ಬಂದು, ಕೇಳಿದ್ದನ್ನೂ ಕೇಳದೆ ಇದ್ದದ್ದನ್ನೂ ಸೇರಿಸಿ ಬರೆಸುವ ಸಂಗತಿ ಹೀಗಿದೆ.

ಇದು ಇವತ್ತಿನ ನನ್ನ ಎರಡನೆಯ ಹೇಳಿಕೆ. ಮೊದಲನೆಯದು ಬೆಳಿಗ್ಗೆ 8.10ಕ್ಕೆ ನೆರೆಮನೆಯ ಫಿದೆನ್ಸಿಯೊ ಅರಾನಾ, ವಯಸ್ಸು ಐವತ್ತೆಂಟು, ಇವರ ಮೇಲೆ ನಾನು ಕೊಟ್ಟ ದೂರು. ಅದರ ಪ್ರಕಾರ ಸದರಿಯವರನ್ನು 8.50ಕ್ಕೆ ಕರೆತಂದು ಒಳಗಿನ ಬೆಂಚಿನ ಮೇಲೆ ಕೂರಿಸಲಾಗಿದೆ. ಸಂಜೆ 5.00ರ ಗಾಡಿಯಲ್ಲಿ ಅವರನ್ನು ದೊಡ್ಡ ಠಾಣೆಗೆ ಕಳಿಸುತ್ತಾರೆಂದು ಗುಮಾಸ್ತರು ತಿಳಿಸಿದ್ದಾರೆ. ಈಗ ಸಮಯ 3.40. ಗಾಡಿ ಹೊರಡುವುದರೊಳಗೆ ಇದನ್ನು ಬರೆದು ಮುಗಿಸಬೇಕೆಂದು ನನ್ನ ಕೋರಿಕೆ. ದೂರನ್ನು ಕೊಟ್ಟದ್ದು ಯಾಕೆ, ಈಗ ಮತ್ತೆ ಬಂದದ್ದು ಯಾಕೆ ಎಂಬುದು ನಡೆದ ಕ್ರಮದಲ್ಲಿ ಓದಿದರೆ ತಿಳಿಯುತ್ತದೆ.

ಸದರಿ ಫಿದೆನ್ಸಿಯೊ ಅವರೂ ಒಲೆ ಮಾಡುವವರೇ. ನನ್ನ ಅಂಗಳಕ್ಕೂ ಅವರ ಅಂಗಳಕ್ಕೂ ನಡುವೆ ಒಂದೂವರೆ ಮೀಟರ್ ಎತ್ತರದ ಒಂದು ಗೋಡೆ ಇದೆ. ಗೋಡೆಯಿಂದ ನನ್ನ ಮಣ್ಣು ನೆನೆಸುವ ಗುಂಡಿಗೆ ಹದಿನಾಲ್ಕು ಹೆಜ್ಜೆ. ನನ್ನ ಮಗ ಎಲೆಉತೇರಿಯೊಗೆ ಇಗರ್ಜಿಯಲ್ಲಿ ನೀರು ಹಾಕಿಸುವಾಗ ಎತ್ತಿಕೊಂಡ ಧರ್ಮತಂದೆ ಅವರೇ ಆದ್ದರಿಂದ ಅವರು ನನಗೆ ಕೊಂಪಾದ್ರೆ, ನಾನು ಅವರಿಗೆ ಕೊಮಾದ್ರೆ. ಇಪ್ಪತ್ತಮೂರು ವರ್ಷದಿಂದ ಹಾಗೇ ಕರೆದುಕೊಂಡು ಬಂದಿದ್ದೇವೆ, ಹಾಗೇ ಜಗಳವನ್ನೂ ಆಡಿಕೊಂಡು ಬಂದಿದ್ದೇವೆ.

ಕಳೆದ ಜನವರಿಯಲ್ಲಿ ಕೆರೆಯ ಹತ್ತಿರದ ಒಂದು ಹೋಟೆಲ್ಲಿನವರು ತೋಟದಲ್ಲಿ ಇಡಲು ಮಾರ್ಚ್ 16ರ ಶನಿವಾರದೊಳಗೆ ಹದಿನೆಂಟು ಒಲೆ ಬೇಕೆಂದು ಕೇರಿಗೆ ಬಂದರು. ಮೊದಲು ಫಿದೆನ್ಸಿಯೊ ಅವರ ಅಂಗಳ ನೋಡಿದರು, ಆಮೇಲೆ ನನ್ನದು. ಕೆಲಸ ನನಗೆ ಕೊಟ್ಟರು. ಕಾರಣ, ನಾನು ಒಲೆಯ ಬಾಯಿಯ ಸುತ್ತ ಬಣ್ಣದಲ್ಲಿ ಎರಡು ಸಾಲು ಪ್ರಾಸ ಬರೆಯುತ್ತೇನೆ. ಅವರು ಮೆಚ್ಚಿದ್ದು ಇದು: "ಬಾ ನೆಂಟ ಕೂರು, ಬೆಂಕಿ ಇದೆ ಜೋರು, ಹೋಗೋ ಮುಂಚೆ ಹೇಳು, ಬೂದಿ ಬಾಚೋರ್ ಯಾರು." ಅದೇ ವಾರ ಸಂತೆಯಲ್ಲಿ ಫಿದೆನ್ಸಿಯೊ ಅವರು ನಾಲ್ಕು ಜನರ ಮುಂದೆ, ಹಾಡಿದ್ರೆ ಒಲೆ ಉರಿಯಲ್ಲ ಕೊಮಾದ್ರೆ, ಊದಿದ್ರೆ ಉರಿಯತ್ತೆ ಎಂದರು. ನಾಲ್ವರೂ ನಕ್ಕರು. ನಾನು ನಾಲ್ವರ ಹೆಸರನ್ನೂ ನೆನಪಿಟ್ಟುಕೊಂಡೆ.

18 ಫೆಬ್ರವರಿ 2019, ಸೋಮವಾರ, ಮೊದಲ ಆರು ಒಲೆಗಳನ್ನು ಸುಟ್ಟು ಆವಿಗೆಯಿಂದ ತೆಗೆದೆವು. ತಟ್ಟಿ ನೋಡಿದರೆ ಆರೂ ಗಂಟೆಯ ಹಾಗೆ ನುಡಿದವು. 22ರಂದು, ಶುಕ್ರವಾರ, ಬೆಳಿಗ್ಗೆ 7.30ಕ್ಕೆ ಮೊದಲನೆಯ ಒಲೆಯ ಹೊಟ್ಟೆಯ ಮೇಲೆ ಬೇಳೆಯಷ್ಟು ಅಗಲದ ಒಂದು ಚಕ್ಕೆ ಹಾರಿ ಬಿದ್ದಿತ್ತು. ಬಿದ್ದ ಗುಳಿಯ ನಡುವೆ ಒಂದು ಬಿಳಿ ಚುಕ್ಕೆ. ಮಧ್ಯಾಹ್ನದೊಳಗೆ ಆ ಒಂದೇ ಒಲೆಯಲ್ಲಿ ಹನ್ನೊಂದು ಗುಳಿ. 25ರೊಳಗೆ ಆರೂ ಒಲೆಯಲ್ಲಿ ಗುಳಿ. ಹೊಸ ಒಲೆಗೆ ಮೊದಲು ಕಡ್ಡಿ ಕಾಗದದ ಸಣ್ಣ ಬೆಂಕಿ ಹಾಕಿ ಪಳಗಿಸಬೇಕು. ಒಂದಕ್ಕೆ ಹಾಗೆ ಹಾಕಿ ನೋಡಿದೆ. ಅಂಗೈ ಅಗಲದ ಚಕ್ಕೆ ಕಳಚಿ ಬೂದಿಯೊಳಗೆ ಬಿತ್ತು.

ಬಿಳಿ ಚುಕ್ಕೆಯನ್ನು ಉಗುರಿನಿಂದ ಕೆದಕಿ ನಾಲಿಗೆಗೆ ಇಟ್ಟೆ. ಸುಟ್ಟಿತು. ಸುಣ್ಣ. ಮಣ್ಣಿನೊಳಗೆ ಸುಣ್ಣದ ಹರಳು ಸೇರಿದರೆ ಆವಿಗೆಯಲ್ಲಿ ಇರುವಷ್ಟು ಹೊತ್ತು ಸುಮ್ಮನಿರುತ್ತದೆ. ಹೊರಗೆ ಬಂದ ಮೇಲೆ ಗಾಳಿಯ ತೇವ ಕುಡಿದು, ಉಬ್ಬಿ, ಸಿಡಿಯುತ್ತದೆ. ಇದು ನಮ್ಮ ಕೇರಿಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಎಂದರೆ, ಹಾಳು ಮಾಡಬೇಕೆಂದವನಿಗೂ ಗೊತ್ತಿರುವ ವಿಷಯ.

ನನ್ನ ಮಣ್ಣು, ಫಿದೆನ್ಸಿಯೊ ಅವರ ಮಣ್ಣು ಎರಡೂ ಒಂದೇ ಗುಡ್ಡದಿಂದ ಒಂದೇ ಲಾರಿಯಲ್ಲಿ ಬಂದು ಅರ್ಧರ್ಧ ಹಂಚಿಕೆಯಾದದ್ದು. ನಾನು ಒಣಗಿಸಿ, ಕುಟ್ಟಿ, ಜರಡಿ ಹಿಡಿದ ಮೇಲೆಯೇ ಗುಂಡಿಗೆ ಹಾಕಿ ನೆನೆಸುತ್ತೇನೆ. ಜರಡಿಯಿಂದ ಹರಳು ದಾಟುವುದಿಲ್ಲ. ಅವರ ಒಲೆಗಳನ್ನು ಗೋಡೆಯ ಮೇಲಿಂದ ನೋಡಿದೆ. ಒಂದರಲ್ಲೂ ಗುಳಿ ಇಲ್ಲ. ಎಂದ ಮೇಲೆ ಗುಡ್ಡದ ತಪ್ಪಲ್ಲ, ಜರಡಿಯ ತಪ್ಪಲ್ಲ. ನೆನೆದ ಮೇಲೆ ಯಾರೋ ಕೈ ಹಾಕಿದ್ದಾರೆ. ಜನವರಿಯಲ್ಲಿ ಅವರು ಗೋಡೆಗೆ ಬಳಿಯಲು ಎರಡು ಚೀಲ ಸುಣ್ಣ ತಂದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅದು ಹಿಟ್ಟಿನಂಥ ಸುಣ್ಣ, ನನ್ನ ಒಲೆಯಲ್ಲಿ ಸಿಕ್ಕದ್ದು ಕಾಳಿನಂಥದ್ದು ಎಂಬುದೂ ಆಗಲೇ ಹೊಳೆದಿತ್ತು. ಸಂಶಯಕ್ಕೆ ಅಡ್ಡ ಬರುವ ವಿಷಯವಾದ್ದರಿಂದ ಬೆಳಗಿನ ದೂರಿನಲ್ಲಿ ಅದನ್ನು ಬರೆಸಲಿಲ್ಲ.

2 ಮಾರ್ಚ್, ಶನಿವಾರ, ಸಂಜೆ 6ರ ಸುಮಾರಿಗೆ ಸದರಿಯವರು ಗೋಡೆಯ ಮೇಲೆ ಗಲ್ಲ ಊರಿ, ಏನು ಕೊಮಾದ್ರೆ, ನಿನ್ ಒಲೆಗಳಿಗೆ ಸಿಡುಬು ಬಂದಿದೆಯಂತೆ, ಸೊಪ್ಪು ಕಟ್ಟಿದ್ಯಾ ಎಂದು ಕೇಳಿದರು. ನಿಮ್ ಕಣ್ಣು ಬಿದ್ದಿರ್ಬೇಕು, ಮೊದಲು ಅದನ್ನ ಕಟ್ಟಿ ಎಂದು ನಾನು ಹೇಳಿದೆ. 4ರಂದು, ಮೊದಲೇ ಮಾಡಿ ಒಣಗಿಸಿಟ್ಟಿದ್ದ ಇನ್ನೂ ಆರು ಒಲೆ ಸುಟ್ಟೆವು. 7ರಂದು ಅವುಗಳಲ್ಲೂ ಗುಳಿ. ಹದಿನೆಂಟರಲ್ಲಿ ಹನ್ನೆರಡು ಹೋದವು.

10 ಮಾರ್ಚ್, ಭಾನುವಾರದಿಂದ ಸದರಿಯವರು ಗೇಲಿ ನಿಲ್ಲಿಸಿಬಿಟ್ಟರು. ಇಪ್ಪತ್ತಮೂರು ವರ್ಷದಲ್ಲಿ ಆ ಬಾಯಿ ಒಂದು ದಿನ ಸುಮ್ಮನಿದ್ದದ್ದಿಲ್ಲ. ಅವತ್ತು ಬೀದಿಯಲ್ಲಿ ಎದುರಾದಾಗ ನೆಲ ನೋಡಿಕೊಂಡು ಹೋದರು. ನನಗೆ ಗೇಲಿಗಿಂತ ಆ ಮೌನವೇ ಹೆಚ್ಚು ಅನುಮಾನ ತಂದಿತು.

11ರಂದು, ಸೋಮವಾರ, ನನ್ನ ಗಂಡನೂ ಮಗನೂ ಆವಿಗೆಗೆ ಸೌದೆ ತರಲು ಬೆಟ್ಟದ ಕಡೆ ಹೋದರು. ಶುಕ್ರವಾರ ಬರುತ್ತಾರೆ. ಮನೆಯಲ್ಲಿ ಉಳಿದವರು ನಾನು, ನನ್ನ ಸೊಸೆ ನೆರೇಯ್ದಾ. ವಯಸ್ಸು ಹತ್ತೊಂಬತ್ತು, ಮದುವೆಯಾಗಿ ಬಂದದ್ದು ಜನವರಿ 26ಕ್ಕೆ. ಹುಡುಗಿ ಮೆಕ್ಕೆಜೋಳ ಬೆಳೆಯುವ ಊರಿನವಳು, ಮಣ್ಣಿನ ಕೆಲಸ ಗೊತ್ತಿಲ್ಲ. ಸಂಬಂಧ ತಂದವರು ಇದೇ ಫಿದೆನ್ಸಿಯೊ. ಅವಳು ಅವರ ಹೆಂಡತಿಯ ತಂಗಿಯ ಮಗಳು. ಹುಡುಗಿ ಹೇಗೆ ಎಂದು ನಾನು ಕೇಳಿದ್ದಕ್ಕೆ, ತಟ್ಟಿ ನೋಡಿದೀನಿ ಕೊಮಾದ್ರೆ, ಎಲ್ಲೂ ಬಿರುಕಿಲ್ಲ ಎಂದಿದ್ದರು. ಬಿರುಕು ಕಂಡ್ರೆ ನಿಮ್ ಬಾಗಿಲಿಗೇ ವಾಪಸ್ ತಂದು ಇಡ್ತೀನಿ ಎಂದು ನಾನು ಹೇಳಿದ್ದೆ. ಇದನ್ನು ತಮಾಷೆಗೆ ಹೇಳಿದ್ದಲ್ಲ.

ಅದೇ 11ರ ಬೆಳಿಗ್ಗೆ 6.10ಕ್ಕೆ ಆವಿಗೆಯ ಹಿಂದೆ ನಿಂತಿದ್ದ ನನಗೆ, ಫಿದೆನ್ಸಿಯೊ ಅವರು ಗೋಡೆ ಹತ್ತಿ ಇಳಿದು ನನ್ನ ಗುಂಡಿಯ ಅಂಚಿನಲ್ಲಿ ಮಂಡಿಯೂರಿ ಕೂತದ್ದು ಕಂಡಿತು. ಬಲಗೈಯನ್ನು ಮೊಣಕೈವರೆಗೆ ಕೆಸರಿಗೆ ಇಳಿಸಿದರು. ನಾಲ್ಕು ನಿಮಿಷ ಇದ್ದು ಜೇಬು ತಡಕಿಕೊಂಡು ಹೋದರು. ಅವರ ಮಂಡಿ ನೋವು ಇಡೀ ಕೇರಿಗೆ ಗೊತ್ತು. ಅಂಥವರು ಗೋಡೆ ಹಾರುತ್ತಾರೆಂದರೆ ದ್ವೇಷ ಎಷ್ಟಿರಬೇಡ ಎಂದುಕೊಂಡೆ. 12ರಂದು 6.12ಕ್ಕೆ ಮತ್ತೆ ಅದೇ. ಅವತ್ತು ಸಂಜೆ ಗುಂಡಿಯ ಸುತ್ತ ಒಂದು ಮೊಳ ಅಗಲಕ್ಕೆ ನಯವಾದ ಬೂದಿ ಹರಡಿದೆ. 13ರಂದು ಬೂದಿಯ ಮೇಲೆ ಟೈರಿನ ಅಟ್ಟೆಯ ಚಪ್ಪಲಿ ಗುರುತು, ಉದ್ದ ಇಪ್ಪತ್ತೇಳು ಸೆಂಟಿಮೀಟರ್, ಎಡಗಾಲಿನ ಹಿಮ್ಮಡಿ ಸವೆದದ್ದು. ಕೇರಿಯಲ್ಲಿ ಎಡಗಾಲು ಎಳೆಯುವವರು ಒಬ್ಬರೇ.

14 ಮಾರ್ಚ್, ಎಂದರೆ ಇವತ್ತು, ಬೆಳಿಗ್ಗೆ 6.10ಕ್ಕೆ ಅವರು ಕೈ ಇಳಿಸಿದ ತಕ್ಷಣ ನಾನು ಹೊರಗೆ ಬಂದೆ. ಆಗ ಆದ ಮಾತು ಇಷ್ಟು.

ಜೇಬಲ್ಲಿ ಏನಿದೆ ಎಂದು ಕೇಳಿದೆ.

"ನಂದು."

"ನಿಮ್ದು ನನ್ ಗುಂಡೀಲಿ ಯಾಕಿರತ್ತೆ ಕೊಂಪಾದ್ರೆ?"

ಅವರು ನನ್ನ ಹಿಂದೆ, ಅಡುಗೆಮನೆಯ ಬಾಗಿಲಿನ ಕಡೆ ಒಮ್ಮೆ ನೋಡಿದರು. ಅಲ್ಲಿ ನೆರೇಯ್ದಾ ರೊಟ್ಟಿ ತಟ್ಟುತ್ತಿದ್ದ ಸದ್ದು ಕೇಳುತ್ತಿತ್ತು. ಸಾಕ್ಷಿ ಇದ್ದಾರೆಯೇ ಎಂದು ನೋಡುತ್ತಿದ್ದಾರೆ ಎಂದುಕೊಂಡೆ. ಆಮೇಲೆ, ಬೆಳಬೆಳಿಗ್ಗೆ ಕೂಗಾಡಬೇಡ, ಹಾಲು ಒಡೆಯತ್ತೆ ಎಂದು ಹೇಳಿ, ಜೇಬನ್ನು ಒತ್ತಿ ಹಿಡಿದು, ಗೋಡೆಯ ಕಡೆ ಹೋದರು. ಹತ್ತಲು ಮೂರು ಸಲ ಪ್ರಯತ್ನಿಸಿದರು. ನಾನು ಸಹಾಯ ಮಾಡಲಿಲ್ಲ.

8.10ಕ್ಕೆ ದೂರು ಕೊಟ್ಟೆ. 8.50ಕ್ಕೆ ಅವರನ್ನು ಕರೆತಂದರು. ಜೇಬಿನಿಂದ ಸುಣ್ಣದ ಹರಳು ನಲವತ್ತಮೂರು ಸಿಕ್ಕವು. ಗುಮಾಸ್ತರು ಎಣಿಸುವಾಗ ನಾನೂ ಜೊತೆಗೆ ಎಣಿಸಿದೆ. ಗುಂಡಿಗೆ ಹಾಕಲು ತಂದ ಹರಳುಗಳೆಂದು ಬರೆಯಲಾಯಿತು. ಹೌದೋ ಅಲ್ಲವೋ ಎಂದು ಠಾಣಾಧಿಕಾರಿಗಳು ಮೂರು ಸಲ ಕೇಳಿದರೂ ಸದರಿಯವರು ಬಾಯಿ ಬಿಡಲಿಲ್ಲ. ನನಗೆ ಸಮಾಧಾನವಾಯಿತು. ಹೋಗುವ ದಾರಿಯಲ್ಲಿ ಒಂದು ಸಿಹಿ ಬ್ರೆಡ್ ಕೊಂಡು ನಿಂತೇ ತಿಂದೆ.

ಮನೆ ಮುಟ್ಟಿದ್ದು 9.45ಕ್ಕೆ. ಗುಂಡಿಯ ಮಣ್ಣನ್ನೆಲ್ಲ ಎತ್ತಿ ಹೊರಗೆ ಹಾಕುವ ಕೆಲಸಕ್ಕೆ ಇಳಿದೆ. 1.25ಕ್ಕೆ ನೆರೇಯ್ದಾ ಅಡುಗೆಮನೆಯಿಂದ ಬಕೆಟ್ ತುಂಬ ನೀರು ಹೊತ್ತು, ಗುಂಡಿಯನ್ನು ದಾಟಿ, ಇನ್ನೂ ಹದಿನೇಳು ಹೆಜ್ಜೆ ಮುಂದೆ ಹೋಗಿ, ಪಾಪಾಸುಕಳ್ಳಿಯ ಬೇಲಿಯ ಬುಡಕ್ಕೆ ಸುರಿಯುವುದನ್ನು ಕಂಡೆ. ಈಗ ಬೇಸಿಗೆ. ನೀರಿನ ಲಾರಿ ಎಂಟು ದಿನಕ್ಕೊಮ್ಮೆ ಬರುತ್ತದೆ. ಹೊಸ ಸೊಸೆ ನನ್ನ ಬೆನ್ನ ಹಿಂದೆ ನೀರು ಚೆಲ್ಲುತ್ತಿದ್ದಾಳೆ ಎಂದು ಸಿಟ್ಟು ಬಂತು. ಏನಿದು ಎಂದು ಕೇಳಿದೆ.

"ಜೋಳ ಬೇಯ್ಸಿದ ನೀರು ಅತ್ತೆ."

"ಕಳ್ಳಿಗೆ ಯಾಕೆ ನೀರು? ಅದು ನಿನ್ನ ಕೇಳ್ತಾ? ಅಡುಗೆಮನೆ ನೀರು ಒಂದು ಹನೀನೂ ಹೊರಗೆ ಚೆಲ್ಲಬೇಡ, ಮಣ್ಣಿನ ಗುಂಡಿಗೆ ಹಾಕು ಅಂತ ನೀನು ಬಂದ ಮೂರನೇ ದಿನಾನೇ ಹೇಳಿಲ್ವಾ?"

"ಹೇಳಿದ್ರಿ ಅತ್ತೆ. ದಿನಾ ಅಲ್ಲಿಗೇ ಹಾಕ್ತಿದ್ದೆ. ಭಾನುವಾರ ದೊಡ್ಡಪ್ಪ ಗೋಡೆ ಮೇಲಿಂದ ನೋಡಿದ್ರು. ನೋಡಿ ಎರಡೂ ಕೈ ತಲೆ ಮೇಲಿಟ್ಕೊಂಡ್ರು. ತಲೆನೋವಾ ದೊಡ್ಡಪ್ಪ ಅಂದೆ. ಈಗ ಬಂತು ಅಂದ್ರು. ಜೋಳದ ನೀರು ಇನ್ಮೇಲೆ ಕಳ್ಳಿ ಬೇಲಿಗೆ ಹಾಕು, ಅತ್ತೆ ಕೈಲಿ ಏನೂ ಹೇಳೋಕ್ ಹೋಗ್ಬೇಡ ಅಂದ್ರು."

ನಾನು ಅವಳ ಕೈಯಿಂದ ಬಕೆಟ್ ತೆಗೆದುಕೊಂಡು ತಳ ನೋಡಿದೆ. ತಳದಲ್ಲಿ ಬಿಳಿ ಕೆಸರು, ಕೆಸರಿನಲ್ಲಿ ಕಾಳಿನಂಥ ಹರಳು. ಬೆರಳಿನಲ್ಲಿ ಉಜ್ಜಿದೆ, ಕರಗಲಿಲ್ಲ.

ಇಲ್ಲಿ ಒಂದು ವಿಷಯ ಬರೆದುಕೊಳ್ಳಬೇಕು. ನನ್ನ ಮನೆಯಲ್ಲಿ ಹನ್ನೆರಡು ವರ್ಷದಿಂದ ಜೋಳ ಬೇಯಿಸಿದ್ದಿಲ್ಲ. ರೊಟ್ಟಿಯ ಹಿಟ್ಟು ಬೀದಿ ಕೊನೆಯ ಗಿರಣಿಯಿಂದ ರುಬ್ಬಿಯೇ ಬರುತ್ತಿತ್ತು. ನೆರೇಯ್ದಾ ಬಂದ ಮೇಲೆ ತವರಿನ ಜೋಳ, ತವರಿನ ಸುಣ್ಣದ ಕಲ್ಲು ತಂದು, ಕಾಳಿನ ಸಿಪ್ಪೆ ಬಿಡಲೆಂದು ಮನೆಯಲ್ಲೇ ಸುಣ್ಣ ಹಾಕಿ ಬೇಯಿಸತೊಡಗಿದಳು. ಆ ರೊಟ್ಟಿ ಚೆನ್ನಾಗಿತ್ತು. ಐದು ತಿನ್ನುವ ಕಡೆ ಏಳು ತಿಂದೆ. ಬೇಯಿಸಿದ ನೀರು ಎಲ್ಲಿ ಹೋಗುತ್ತದೆಂದು ಕೇಳಲಿಲ್ಲ. ಜಗತ್ತಿನಲ್ಲಿ ನಾನು ಸಂಶಯಪಡದ ವಸ್ತು ಅದೊಂದೇ ಇತ್ತು. ಅಡುಗೆಮನೆಯ ನೀರು ಎಂದು ಅಪ್ಪಣೆ ಕೊಡುವಾಗ ನನ್ನ ತಲೆಯಲ್ಲಿ ಇದ್ದದ್ದು ತರಕಾರಿ ತೊಳೆದ ನೀರು.

ಆಗ ಹುಡುಗಿ ನನ್ನ ಮುಖ ನೋಡಿ, ನಾನು ಏನಾದ್ರೂ ತಪ್ಪು ಮಾಡಿದ್ನಾ ಅತ್ತೆ, ದೊಡ್ಡಪ್ಪನ್ನ ಯಾಕೆ ಕರ್ಕೊಂಡ್ ಹೋದ್ರು ಎಂದು ಕೇಳಿದಳು. ನಾನು ಬಕೆಟ್ಟಿನ ತಳದ ಹರಳುಗಳನ್ನು ಎಣಿಸುತ್ತ ನಿಂತೆ. ಎಷ್ಟು ಹೊತ್ತು ಎಂಬುದು ಗೊತ್ತಿಲ್ಲ. ಈ ಹೇಳಿಕೆಯಲ್ಲಿ ನಾನು ಸಮಯ ಹೇಳಲಾಗದ ಜಾಗ ಇದೊಂದೇ. ಆಮೇಲೆ, ರೊಟ್ಟಿ ಮೇಲೆ ಬಟ್ಟೆ ಮುಚ್ಚು, ಒಣಗ್ತಾವೆ ಎಂದೆ.

2.00ಕ್ಕೆ ಮನೆ ಬಿಟ್ಟೆ. ಠಾಣೆಗೆ ಎರಡೂಕಾಲು ಕಿಲೋಮೀಟರ್. 2.35ಕ್ಕೆ ಬಂದು, ಆ ನಲವತ್ತಮೂರು ಹರಳು ಗುಂಡಿಗೆ ಹಾಕಲು ತಂದದ್ದಲ್ಲ, ಗುಂಡಿಯಿಂದ ಹೆಕ್ಕಿ ತೆಗೆದದ್ದು, ಆದ್ದರಿಂದ ದೂರು ವಾಪಸ್ ಕೊಡಿ ಎಂದು ಕೇಳಿದೆ. ಠಾಣಾಧಿಕಾರಿಗಳು, ದೂರು ಅಂದ್ರೆ ಸಂತೇಲಿ ಕೊಂಡ ಕೋಳೀನಾ ಅಮ್ಮಾ, ಬೇಡ ಅಂತ ವಾಪಸ್ ಕೊಡೋಕೆ ಎಂದರು. ಮಾಲು ವಶವಾಗಿದೆ, ಕಡತ ತೆರೆದಾಗಿದೆ. ಸುಣ್ಣ ಇವರು ಹಾಕಿಲ್ಲವೆಂದರೆ ಯಾರು ಹಾಕಿದರೆಂದು ಹೆಸರು ಬೇಕು, ಆ ವ್ಯಕ್ತಿ ಬಂದು ಹೆಬ್ಬೆಟ್ಟು ಒತ್ತಬೇಕು, ಇಲ್ಲದಿದ್ದರೆ ಐದರ ಗಾಡಿ ನಿಲ್ಲುವುದಿಲ್ಲ ಎಂದು ತಿಳಿಸಿದರು.

ಸದರಿ ಫಿದೆನ್ಸಿಯೊ ಅವರೊಂದಿಗೆ ಮಾತಾಡಲು ಅಪ್ಪಣೆ ಕೇಳಿದೆ. ಹತ್ತು ನಿಮಿಷ ಕೊಟ್ಟರು, 3.05ರಿಂದ 3.15. ನಾನು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತೆ.

"ಗೊತ್ತಾಯ್ತು" ಎಂದೆ.

"ಏನ್ ಗೊತ್ತಾಯ್ತು?"

"ಜೋಳದ ನೀರು."

ಅವರು ಗೋಡೆ ನೋಡಿಕೊಂಡು, ಹುಡುಗಿ ಹೆಸರು ಬರೆಸಬೇಡ, ನಂದೇ ಇರ್ಲಿ, ಹೇಗೂ ಕೂತಾಗಿದೆ ಎಂದರು. ಎರಡು ವಾರ ಒಳಗಿದ್ರೆ ನನ್ ಹೆಂಡ್ತಿಗೂ ಬಿಡುವು, ನನ್ ಮಂಡಿಗೂ ಬಿಡುವು ಎಂದರು. ನನಗೆ ಇದರ ಮೇಲೂ ಅನುಮಾನ ಬಂತು. ಇಷ್ಟು ದೊಡ್ಡ ಮನಸ್ಸು ಯಾಕೆ, ಭಾನುವಾರವೇ ನನ್ನ ಹತ್ತಿರ ಬಂದು ಒಂದು ಮಾತು ಹೇಳಿದ್ದರೆ ಆಗುತ್ತಿರಲಿಲ್ಲವೇ ಎಂದು ಕೇಳಿದೆ.

"ಹೇಳಿದ್ರೆ ನೀನೇನ್ ಮಾಡ್ತಿದ್ದೆ? ಹನ್ನೆರಡು ಒಲೆ ಹೋಗಿದೆ. ಹೋಟೆಲ್ ಕೆಲ್ಸ ಹೋಗಿದೆ. ಅವತ್ತೇ ಅವಳ ಬಟ್ಟೆ ಗಂಟು ಕಟ್ಟಿ ನನ್ ಬಾಗಿಲಿಗೆ ತಂದು ಇಡ್ತಿದ್ದೆ. ವಾಪಸ್ ಬಂದ ಹುಡುಗೀನ ಆ ಊರಲ್ಲಿ ಯಾರೂ ತಟ್ಟಿ ನೋಡಲ್ಲ ಕೊಮಾದ್ರೆ. ಒಡೆದಿದೆ ಅಂತಾನೇ ಲೆಕ್ಕ."

ನಾನು ಹಾಗೆ ಮಾಡುತ್ತಿದ್ದೆನೇ ಎಂದು ಯೋಚಿಸಿದೆ. ಮಾಡುತ್ತಿದ್ದೆ. ಇದನ್ನೂ ಬರೆದುಕೊಳ್ಳಿ.

ಆದಕಾರಣ ನಾನು ತಿಳಿಸುವುದು ಇಷ್ಟು. ಗುಂಡಿಗೆ ಸುಣ್ಣ ಬಿದ್ದದ್ದು ನನ್ನ ಅಪ್ಪಣೆಯಿಂದ. ಜನವರಿ 28ರಂದು, ನನ್ನದೇ ಅಡುಗೆಮನೆಯಲ್ಲಿ, ನನ್ನದೇ ಬಾಯಿಂದ, ಬುದ್ಧಿ ಸರಿಯಾಗಿದ್ದಾಗಲೇ ಕೊಟ್ಟ ಅಪ್ಪಣೆ. ಹೆಸರು ಬೇಕೇ ಬೇಕೆಂದರೆ ಫಿದೆನ್ಸಿಯೊ ಅರಾನಾ ಎಂದು ಬರೆದಿರುವ ಕಡೆ ಹೊಡೆದುಹಾಕಿ ಕಸಿಲ್ದಾ ಒರೋಸ್ಕೊ ಎಂದು ಬರೆಯಬೇಕು. ನೀರು ಹೊತ್ತವಳ ಹೆಬ್ಬೆಟ್ಟು ಬೇಡವೇ ಎಂದು ಗುಮಾಸ್ತರು ಈಗ ಕೇಳುತ್ತಿದ್ದಾರೆ. ಬಕೆಟ್ಟನ್ನು ಠಾಣೆಗೆ ಕರೆಸುವುದಾದರೆ ಅವಳನ್ನೂ ಕರೆಸಲಿ. ಇಬ್ಬರೂ ನಾನು ಹೇಳಿದ್ದನ್ನು ಮಾತ್ರ ಮಾಡಿದ್ದಾರೆ. ಹೋಟೆಲ್ಲಿನವರಿಗೆ ಶನಿವಾರ ಒಲೆ ಸಿಗುವುದಿಲ್ಲವೆಂದು ಹೇಳುವುದು ನನ್ನ ಪಾಡು, ಅದಕ್ಕೂ ಠಾಣೆಗೂ ಸಂಬಂಧವಿಲ್ಲ.

4.30ಕ್ಕೆ ಇದನ್ನು ಠಾಣಾಧಿಕಾರಿಗಳು ಓದಿದರು. ದೂರು ಕೊಟ್ಟವಳೂ ಆರೋಪಿಯೂ ಒಬ್ಬಳೇ ಆದರೆ ಕಡತ ಮುಚ್ಚಬಹುದು, ಆದರೆ ಕೂರಿಸಿಕೊಂಡ ವ್ಯಕ್ತಿಯೂ ಒಪ್ಪಿ ಸಹಿ ಹಾಕಬೇಕು ಎಂದರು. 4.38ಕ್ಕೆ ಫಿದೆನ್ಸಿಯೊ ಅವರನ್ನು ಕರೆದು ಓದಿಸಿದರು. ಅವರು ಪೆನ್ನು ಮುಟ್ಟಲಿಲ್ಲ. ಗಾಡಿ ಬಂದು ಬಾಗಿಲಲ್ಲಿ ನಿಂತಿತ್ತು.

ಇದ್ರಲ್ಲಿ ಹುಡುಗಿ ಏನಾಗ್ತಾಳೆ ಅಂತ ಎಲ್ಲೂ ಇಲ್ವಲ್ಲ ಎಂದು ಸದರಿಯವರು ಕೇಳಿದರು.

ಮನೇಲಿ ಇರ್ತಾಳೆ, ಇನ್ನೇನಾಗ್ತಾಳೆ ಎಂದು ನಾನು ಹೇಳಿದೆ.

"ಬಾಯಲ್ಲಿ ಬೇಡ. ಬೆಳಿಗ್ಗೆ ಒಂದು ಹೇಳ್ತೀಯ, ಮಧ್ಯಾಹ್ನ ಇನ್ನೊಂದು. ಇಲ್ಲಿ ಬರೀಲಿ, ಮೊಹರು ಬೀಳ್ಲಿ. ಆಮೇಲೆ ಸಹಿ."

ಇದು ಪೊಲೀಸ್ ಠಾಣೆ, ಮದುವೆ ಮನೆಯಲ್ಲ ಎಂದು ಠಾಣಾಧಿಕಾರಿಗಳು ಹೇಳಿದರು. ಹಾಗಾದ್ರೆ ನಾನು ಗಾಡಿ ಹತ್ತುತ್ತೀನಿ ಎಂದು ಸದರಿಯವರು ಎದ್ದು ನಿಂತರು. ಎದ್ದು ನಿಲ್ಲಲು ಅವರಿಗೆ ಬೆಂಚನ್ನು ಹಿಡಿದುಕೊಳ್ಳಬೇಕಾಯಿತು.

ಆದ್ದರಿಂದ ಈ ಕೆಳಗಿನದನ್ನು ಸೇರಿಸುತ್ತಿದ್ದೇನೆ. ನನ್ನ ಸೊಸೆ ನೆರೇಯ್ದಾ ನನ್ನ ಮನೆಯಲ್ಲೇ ಇರತಕ್ಕದ್ದು. ಸುಣ್ಣದ ಕಾರಣಕ್ಕಾಗಲಿ, ನೀರಿನ ಕಾರಣಕ್ಕಾಗಲಿ, ಒಡೆದ ಹನ್ನೆರಡು ಒಲೆಗಳ ಕಾರಣಕ್ಕಾಗಲಿ, ಮುಂದೆ ಅವಳಿಂದ ಒಡೆಯಬಹುದಾದ ಯಾವುದೇ ವಸ್ತುವಿನ ಕಾರಣಕ್ಕಾಗಲಿ ನಾನು ಅವಳನ್ನು ವಾಪಸ್ ಕಳಿಸತಕ್ಕದ್ದಲ್ಲ. ಸೊಸೆ ಎಂಬುದನ್ನು ಹೊಡೆದು ಮಗಳು ಎಂದು ಬರೆಸಬೇಕೆಂದು ಸದರಿಯವರು ಕೇಳಿದರು. ಅದಕ್ಕೆ ನಾನು ಒಪ್ಪಲಿಲ್ಲ. ಇನ್ನೂ ಏಳು ವಾರವೂ ಆಗಿಲ್ಲ. ಸೊಸೆ ಎಂದೇ ಇರಲಿ.

ಇಲ್ಲಿಯವರೆಗೆ ಬರೆದದ್ದನ್ನು ಗುಮಾಸ್ತರು ನನಗೆ ಓದಿ ಹೇಳಿದರು. ನಾನು ಹೇಳಿದ್ದೇ ಇದೆ. ಬೆಳಗಿನ ಹೇಳಿಕೆಯಲ್ಲಿ ಸುಳ್ಳು ಇರಲಿಲ್ಲ, ನಿಜವೂ ಇರಲಿಲ್ಲ, ಇದರಲ್ಲಿ ಇದೆ.

ಸ್ಥಳ: ಸಾನ್ ಗಾಸ್ಪಾರ್ ದೆಲ್ ಬಾರ್ರೊ ಠಾಣೆ
ದಿನಾಂಕ: 14 ಮಾರ್ಚ್ 2019, ಗುರುವಾರ, ಸಂಜೆ 4.52

ಸಹಿ: ಕಸಿಲ್ದಾ ಒರೋಸ್ಕೊ ಬಾರ್ರೋನ್

ಒಪ್ಪಿ ಸಹಿ ಹಾಕಿದವರು: ಫಿದೆನ್ಸಿಯೊ ಅರಾನಾ. ಸಮಯ 4.57. ಕೊನೆಯ ಭಾಗವನ್ನು ತಾವೇ ಎರಡು ಸಲ ಓದಿ, ಮೊಹರಿನ ಶಾಯಿ ಒಣಗಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿದ ಮೇಲೆ.